ನಾಯಿಗೆ ಮುದ್ದೆ, ಬೆಕ್ಕಿಗೆ ಮೀನು: ಮನೆಯ ಅಡುಗೆಯಷ್ಟೇ ಸಾಕೇ?

ಪ್ರಶ್ನೆ (ಶಿವಮೊಗ್ಗದಿಂದ)

ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಒಂದು ನಾಟಿ ನಾಯಿಯೂ ಎರಡು ಬೆಕ್ಕುಗಳೂ ಇವೆ. ನಾಯಿಯ ತೂಕ 14 ಕಿಲೋ, ಬೆಕ್ಕುಗಳದು ತಲಾ 4 ಕಿಲೋದ ಆಸುಪಾಸು. ಮೂರಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಈವರೆಗೆ ಅಂಗಡಿಯ ಒಣ ಆಹಾರವನ್ನೇ ಹಾಕುತ್ತಿದ್ದೆವು. ಹೋದ ತಿಂಗಳು ಅತ್ತೆಯವರು ಹಳ್ಳಿಯಿಂದ ಬಂದವರೇ ಆ ಕಾಳುಗಳನ್ನು ಮೂಸಿ ನೋಡಿ, ‘ನಮ್ಮ ಹಟ್ಟಿಯ ನಾಯಿಗಳು ಮುದ್ದೆ, ಮಜ್ಜಿಗೆ ತಿಂದೇ ಹನ್ನೆರಡು ವರ್ಷ ಬಾಳಿದವು, ಈ ಮರಳನ್ನು ಯಾಕೆ ಹಾಕುತ್ತೀರಿ’ ಎಂದು ಅಡುಗೆಮನೆಯ ಅಧಿಕಾರವನ್ನು ವಹಿಸಿಕೊಂಡಿದ್ದಾರೆ. ಈಗ ನಾಯಿಗೆ ಬೆಳಿಗ್ಗೆ ರಾಗಿಮುದ್ದೆಯೊಂದಿಗೆ ಮೊಸರು, ರಾತ್ರಿ ಮೂಳೆಯಿಲ್ಲದ ಕೋಳಿ ಮಾಂಸ, ಅನ್ನ ಮತ್ತು ಕ್ಯಾರೆಟ್ ಸಿಗುತ್ತಿದೆ. ಬೆಕ್ಕುಗಳಿಗೆ ಬೇಯಿಸಿದ ಮೀನು ಮತ್ತು ಅನ್ನ. ಮೂರೂ ತಟ್ಟೆ ನೆಕ್ಕಿ ತಿನ್ನುತ್ತಿವೆ ಎಂಬುದನ್ನು ಒಪ್ಪಬೇಕು.

ಮನೆಯ ಅಡುಗೆಯನ್ನೇ ಮುಂದುವರಿಸಲು ನನಗೂ ಇಷ್ಟವಿದೆ. ಆದರೆ ಇಷ್ಟರಿಂದ ಅವುಗಳಿಗೆ ಬೇಕಾದುದೆಲ್ಲ ದೊರೆಯುತ್ತದೆಯೇ? ರಾಗಿಯಲ್ಲಿ ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಮೂಳೆಯ ಚಿಂತೆ ಬೇಡವೆಂದು ಅತ್ತೆಯವರ ವಾದ. ಇದು ಸರಿಯೇ? ಜೊತೆಗೆ, ಪಾಠ ಕಲಿಸುವಾಗ ಕೊಡಲು ಮನೆಯಲ್ಲೇ ಮಾಡಬಹುದಾದ ತಿನಿಸೊಂದನ್ನು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1 (ನಿವೃತ್ತ ಪಶುವೈದ್ಯ, ಹಾಸನ)

ನಿಮ್ಮ ಅತ್ತೆಯವರ ರಾಗಿಯ ಮಾತಿನಲ್ಲಿ ಅರ್ಧ ಸತ್ಯವಿದೆ. ಧಾನ್ಯಗಳ ಪೈಕಿ ರಾಗಿಯಲ್ಲಿ ಕ್ಯಾಲ್ಸಿಯಂ ಹೆಚ್ಚು, 100 ಗ್ರಾಂ ಹಿಟ್ಟಿನಲ್ಲಿ ಸುಮಾರು 350 ಮಿಲಿಗ್ರಾಂ. ಆದರೆ ಲೆಕ್ಕ ಹಾಕಿ ನೋಡಿ. ನಿಮ್ಮ ನಾಯಿಗೆ ದಿನಕ್ಕೆ ಬೇಕಾಗುವ ಶಕ್ತಿ ಸುಮಾರು 800 ಕಿಲೋಕ್ಯಾಲೊರಿ, ಕ್ಯಾಲ್ಸಿಯಂ ಸುಮಾರು 1 ಗ್ರಾಂ. ಅಷ್ಟು ಕ್ಯಾಲ್ಸಿಯಂ ಅನ್ನು ರಾಗಿಯಿಂದಲೇ ಪಡೆಯಬೇಕಾದರೆ 300 ಗ್ರಾಂನಷ್ಟು ಹಿಟ್ಟಿನ ಮುದ್ದೆ ತಿನ್ನಿಸಬೇಕು. ಆಗ ದಿನದ ಶಕ್ತಿಯ ಮಿತಿ ಮುದ್ದೆಯೊಂದರಲ್ಲೇ ದಾಟಿಹೋಗುತ್ತದೆ, ಮಾಂಸಕ್ಕೆ ಜಾಗವೇ ಉಳಿಯುವುದಿಲ್ಲ. ಸಾಲದೆಂಬಂತೆ ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶವು ಕ್ಯಾಲ್ಸಿಯಂ ಮತ್ತು ಸತುವನ್ನು ಕಟ್ಟಿಹಾಕುವುದರಿಂದ ತಿಂದದ್ದೆಲ್ಲ ರಕ್ತಕ್ಕೆ ಸೇರುವುದಿಲ್ಲ. ಮೊಸರಿನಿಂದ ಸರಿದೂಗಿಸೋಣವೆಂದರೆ ಮುಕ್ಕಾಲು ಕಿಲೋದಷ್ಟು ಬೇಕಾದೀತು.

ಮೂಳೆಯಿಲ್ಲದ ಮಾಂಸವು ಈ ತೊಂದರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ನಾಯಿಯ ಆಹಾರದಲ್ಲಿ ಕ್ಯಾಲ್ಸಿಯಂ ರಂಜಕದಷ್ಟಾದರೂ ಇರಬೇಕು, ತುಸು ಹೆಚ್ಚಿದ್ದರೂ ಸರಿಯೇ. ಬರಿಯ ಮಾಂಸದಲ್ಲಿ ರಂಜಕವು ಕ್ಯಾಲ್ಸಿಯಂನ ಹದಿನೈದು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿರುತ್ತದೆ. ಹೀಗಾದಾಗ ದೇಹವು ರಕ್ತದ ಕ್ಯಾಲ್ಸಿಯಂ ಮಟ್ಟವನ್ನು ಕಾಯ್ದುಕೊಳ್ಳಲು ತನ್ನದೇ ಮೂಳೆಗಳಿಂದ ಅದನ್ನು ತೆಗೆಯತೊಡಗುತ್ತದೆ. ವಯಸ್ಕ ನಾಯಿಯಲ್ಲಿ ಇದು ಹೊರಗೆ ಕಾಣಲು ಬಹಳ ಕಾಲ ಹಿಡಿಯುತ್ತದೆ, ಮರಿಗಳಲ್ಲಿ ಮಾತ್ರ ಕೆಲವೇ ವಾರಗಳು ಸಾಕು. ಮೂರು ತಿಂಗಳ ಮರಿಗೆ ‘ಒಳ್ಳೆಯದನ್ನೇ ಕೊಡೋಣ’ ಎಂದು ಬರಿಯ ಕೋಳಿ ಮಾಂಸ ಮತ್ತು ಅನ್ನ ಹಾಕಿ, ಕಾಲು ಸೊಟ್ಟಗಾದ ಮೇಲೆ ಎತ್ತಿಕೊಂಡು ಬಂದವರನ್ನು ನನ್ನ ಸೇವಾವಧಿಯಲ್ಲಿ ಹಲವು ಬಾರಿ ಕಂಡಿದ್ದೇನೆ. ಪ್ರೀತಿಗೆ ಅಲ್ಲಿ ಏನೂ ಕೊರತೆ ಇರುತ್ತಿರಲಿಲ್ಲ.

ಪರಿಹಾರ ಅಗ್ಗದ್ದೇ ಇದೆ. ಮೊಟ್ಟೆಯ ಚಿಪ್ಪನ್ನು ತೊಳೆದು, ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಗೋಧಿಹಿಟ್ಟಿನಷ್ಟು ನುಣ್ಣಗೆ ಪುಡಿಮಾಡಿಕೊಳ್ಳಿ. ಈ ಪುಡಿ ಅರ್ಧ ಟೀ ಚಮಚವಾದರೆ ನಿಮ್ಮ ನಾಯಿಯ ದಿನದ ಕ್ಯಾಲ್ಸಿಯಂ ಹೆಚ್ಚುಕಡಿಮೆ ಪೂರೈಸುತ್ತದೆ. ಬೇಯಿಸಿದ ಕೋಳಿಮೂಳೆಯನ್ನು ಇದಕ್ಕೆ ಬದಲಾಗಿ ಕೊಡಬೇಡಿ, ಅದು ಚೂಪಾಗಿ ಸೀಳಿ ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ.

ಒಂದು ದಿನದ ಅಳತೆಯನ್ನು ಹೇಳುವುದಾದರೆ, ಚರ್ಮ ಮತ್ತು ಮೂಳೆ ತೆಗೆದ 250 ಗ್ರಾಂ ಕೋಳಿತೊಡೆಯ ಮಾಂಸ, ಬೆಂದ ಅನ್ನ 200 ಗ್ರಾಂ, ಒಂದು ಬೇಯಿಸಿದ ಮೊಟ್ಟೆ, 15 ಗ್ರಾಂ ಈಲಿ, ಒಂದು ಹಿಡಿ ಸಿಹಿಗುಂಬಳ, ಒಂದು ಟೀ ಚಮಚ ಎಣ್ಣೆ, ಚಿಪ್ಪಿನ ಪುಡಿ ಮತ್ತು ಒಂದು ಚಿಟಿಕೆ ಅಯೋಡಿನ್‌ಯುಕ್ತ ಉಪ್ಪು. ಅನ್ನದ ಒಂದು ಭಾಗವನ್ನು ಮುದ್ದೆಯಿಂದ ಬದಲಿಸಲು ಅಡ್ಡಿಯಿಲ್ಲ. ಮನುಷ್ಯರೊಡನೆ ಬಾಳುತ್ತ ನಾಯಿಯ ದೇಹ ಬೆಂದ ಪಿಷ್ಟವನ್ನು ಅರಗಿಸಿಕೊಳ್ಳಲು ಚೆನ್ನಾಗಿಯೇ ಒಗ್ಗಿದೆ. ಇಷ್ಟಾದರೂ ಸತು, ತಾಮ್ರ, ಮ್ಯಾಂಗನೀಸ್, ವಿಟಮಿನ್ ಡಿ ಮತ್ತು ಇ ಕಡಿಮೆ ಬೀಳುತ್ತವೆ. 2013ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದವರು ಪುಸ್ತಕಗಳಿಂದಲೂ ಜಾಲತಾಣಗಳಿಂದಲೂ ಆಯ್ದ 200 ನಾಯಿ ಅಡುಗೆಗಳನ್ನು ಪರಿಶೀಲಿಸಿದಾಗ 190ರಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶವಾದರೂ ಕೊರತೆಯಾಗಿತ್ತು. ಅವುಗಳಲ್ಲಿ ಪಶುವೈದ್ಯರೇ ಬರೆದವೂ ಅನೇಕವಿದ್ದವು ಎಂಬುದನ್ನು ತುಸು ಸಂಕೋಚದಿಂದಲೇ ಹೇಳುತ್ತೇನೆ. ಆದ್ದರಿಂದ ನನ್ನ ಅಳತೆಯನ್ನೂ ಕಣ್ಣುಮುಚ್ಚಿ ನಂಬದೆ ನಿಮ್ಮ ವೈದ್ಯರಿಗೆ ತೋರಿಸಿ, ಅವರು ಹೇಳುವ ಖನಿಜ ಮತ್ತು ವಿಟಮಿನ್ ಮಿಶ್ರಣವನ್ನು ಸೇರಿಸಿಕೊಳ್ಳಿ. ಹಸುವಿಗೆ ಹಾಕುವ ಖನಿಜ ಮಿಶ್ರಣ ಮನೆಯಲ್ಲಿದೆಯೆಂದು ಅದನ್ನೇ ಉದುರಿಸುವುದು ಬೇಡ.

ಉತ್ತರ 2 (ಉಡುಪಿಯಿಂದ)

ಬೆಕ್ಕಿನ ವಿಷಯವನ್ನು ಯಾರೂ ಎತ್ತಲಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಇದರಲ್ಲಿ ಪೆಟ್ಟು ತಿಂದವಳು ನಾನು. ಬೆಕ್ಕಿಗೆ ಮೀನು ಎಂಬುದು ನಮ್ಮ ಕರಾವಳಿಯಲ್ಲಿ ಪ್ರಶ್ನೆಯೇ ಇಲ್ಲದ ಮಾತು. ನಮ್ಮ ಮೊದಲ ಬೆಕ್ಕು ಬೂತಾಯಿ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ, ನಾವೂ ಹೆಮ್ಮೆಯಿಂದ ಅದನ್ನೇ ಹಾಕಿದೆವು. ವರ್ಷ ಕಳೆಯುವಷ್ಟರಲ್ಲಿ ಅದರ ಹೊಟ್ಟೆಯ ಕೆಳಗೆ ಗಂಟುಗಳೆದ್ದು, ಎತ್ತಿಕೊಂಡರೆ ನೋವಿನಿಂದ ಕಿರುಚತೊಡಗಿತು. ಎಣ್ಣೆಯಂಶ ಹೆಚ್ಚಿರುವ ಮೀನನ್ನೇ ದಿನವೂ ತಿಂದರೆ ವಿಟಮಿನ್ ಇ ಸಾಲದೆ ಚರ್ಮದಡಿಯ ಕೊಬ್ಬು ಉರಿಯೂತಕ್ಕೆ ಒಳಗಾಗುತ್ತದೆ ಎಂದು ವೈದ್ಯರು ವಿವರಿಸಿದಾಗಲೇ ನಮಗೆ ತಿಳಿದದ್ದು. ಹಸಿ ಮೀನಾದರೆ ಇನ್ನೊಂದು ಅಪಾಯವಿದೆ: ಕೆಲವು ಜಾತಿಗಳಲ್ಲಿ ವಿಟಮಿನ್ ಬಿ1 ಅನ್ನು ನಾಶಮಾಡುವ ಕಿಣ್ವವಿರುತ್ತದೆ. ಬೇಯಿಸಿದರೆ ಆ ಕಿಣ್ವ ಹೋಗುತ್ತದೆ. ಒಣಮೀನನ್ನಂತೂ ಉಪ್ಪಿನ ಕಾರಣಕ್ಕೆ ಮನೆಯ ಬೆಕ್ಕಿನಿಂದ ದೂರವಿಟ್ಟಿದ್ದೇನೆ, ನೆನೆಸಿ ತೊಳೆದರೂ ಅದು ಪೂರ್ತಿ ಬಿಡುವುದಿಲ್ಲ.

ಬೆಕ್ಕು ಚಿಕ್ಕ ನಾಯಿಯಲ್ಲ. ಕ್ಯಾರೆಟ್ಟಿನ ಬಣ್ಣದಿಂದ ನಾಯಿ ವಿಟಮಿನ್ ಎ ತಯಾರಿಸಿಕೊಳ್ಳುತ್ತದೆ, ಬೆಕ್ಕಿಗೆ ಆ ಶಕ್ತಿಯಿಲ್ಲ, ಅದಕ್ಕೆ ಪ್ರಾಣಿಮೂಲದ ವಿಟಮಿನ್ ಎ ಬೇಕು. ಹಾಗೆಂದು ದಿನವೂ ಈಲಿ ತಿನ್ನಿಸಿದರೆ ಅದೇ ವಿಟಮಿನ್ ಮಿತಿಮೀರಿ ಕತ್ತಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಎಲ್ಲಕ್ಕಿಂತ ಮುಖ್ಯವಾದದ್ದು ಟಾರಿನ್ ಎಂಬ ಅಮೈನೋ ಆಮ್ಲ. ಇದು ಧಾನ್ಯ, ತರಕಾರಿಗಳಲ್ಲಿ ಸಿಗುವುದಿಲ್ಲ. ಹೃದಯದಲ್ಲಿ, ತೊಡೆಯ ಕೆಂಪು ಮಾಂಸದಲ್ಲಿ ಹೆಚ್ಚು, ಎದೆಯ ಬಿಳಿ ಮಾಂಸದಲ್ಲಿ ಕಡಿಮೆ. ನೀರಿನಲ್ಲಿ ಕರಗುವ ವಸ್ತುವಾದ್ದರಿಂದ ಮಾಂಸ ಬೇಯಿಸಿದ ನೀರನ್ನು ಬಸಿದು ಚೆಲ್ಲಿದರೆ ಅದೂ ಚೆಲ್ಲಿಹೋಗುತ್ತದೆ. ಇದರ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಹಾಳಾಗುತ್ತದೆ, ಹೃದಯದ ಸ್ನಾಯು ಸಡಿಲಗೊಂಡು ಹಿಗ್ಗುತ್ತದೆ. ಹೃದಯದ ಈ ಸಂಬಂಧವನ್ನು 1987ರಲ್ಲಿ ಅದೇ ಡೇವಿಸ್ ಕೇಂದ್ರದ ಸಂಶೋಧಕರು ತೋರಿಸಿಕೊಟ್ಟರು. ಆಗ ಕಾಯಿಲೆ ಬಿದ್ದಿದ್ದ ಬೆಕ್ಕುಗಳು ಕಂಪನಿಗಳ ಸಿದ್ಧ ಆಹಾರವನ್ನೇ ತಿನ್ನುತ್ತಿದ್ದವು. ಆ ಬಳಿಕವೇ ಕಂಪನಿಗಳು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದವು.

ನಾನೀಗ ಮಾಡುವುದು ಇಷ್ಟೇ: ಬೆಕ್ಕಿನ ಮುಖ್ಯ ಊಟ ‘ಸಂಪೂರ್ಣ ಆಹಾರ’ ಎಂದು ಬರೆದಿರುವ ಸಿದ್ಧ ಆಹಾರ, ಮನೆಯದ್ದು ಹತ್ತರಲ್ಲಿ ಒಂದು ಪಾಲು. ನಿಮ್ಮ ಬೆಕ್ಕುಗಳಿಗೆ ಮತ್ತೆ ಕಾಳು ಶುರುಮಾಡುವಾಗ ಹಟ ಹಿಡಿದು ಉಪವಾಸ ಕೆಡವಬೇಡಿ. ಎರಡು ಮೂರು ದಿನ ತಿನ್ನದಿದ್ದರೂ ಬೆಕ್ಕಿನ, ಅದರಲ್ಲೂ ದಪ್ಪ ಬೆಕ್ಕಿನ, ಈಲಿಯಲ್ಲಿ ಕೊಬ್ಬು ತುಂಬಿ ಜೀವಕ್ಕೇ ಕುತ್ತಾಗಬಹುದು. ಹತ್ತು ದಿನ ತೆಗೆದುಕೊಂಡು ನಿಧಾನವಾಗಿ ಬದಲಿಸಿ.

ಉತ್ತರ 3 (ಬಾಗಲಕೋಟೆಯಿಂದ)

ಹಟ್ಟಿಯ ನಾಯಿಗಳ ಬಗ್ಗೆ ಒಂದು ಮಾತು. ನಮ್ಮ ಕಡೆ ಮುಧೋಳ ನಾಯಿಗಳಿಗೆ ಜೋಳದ ರೊಟ್ಟಿಯನ್ನು ಹಾಲಿನಲ್ಲಿ ಮುರಿದು ಹಾಕುವ ರೂಢಿಯಿದೆ, ಅದನ್ನು ಕಂಡವರು ‘ರೊಟ್ಟಿ ತಿಂದು ಹೇಗೆ ಓಡುತ್ತವೆ ನೋಡಿ’ ಎನ್ನುತ್ತಾರೆ. ನಮ್ಮ ಅಜ್ಜನ ನಾಯಿಗಳು ಹೊಲದಲ್ಲಿ ಇಲಿ, ಹೆಗ್ಗಣಗಳನ್ನು ಮೂಳೆ ಸಮೇತ ಮುಗಿಸುತ್ತಿದ್ದವು, ಕುರಿ ಈದಾಗ ಬಿದ್ದ ಮಾಸು ಅವುಗಳ ಪಾಲಾಗುತ್ತಿತ್ತು, ಜಾತ್ರೆಯಲ್ಲಿ ಕುರಿ ಕೊಯ್ದರೆ ಕರುಳೂ ಹಸಿ ಮೂಳೆಯೂ ಸಿಗುತ್ತಿದ್ದವು. ನಾವು ಹಾಕಿದ್ದು ರೊಟ್ಟಿ ಮಾತ್ರ, ಅವು ತಿಂದದ್ದು ರೊಟ್ಟಿ ಮಾತ್ರವಲ್ಲ. ನಿಮ್ಮ ಅತ್ತೆಯವರ ನಾಯಿಗಳೂ ಮುದ್ದೆಗೆ ಬೇಕಾದ ನಂಜಿಕೆಯನ್ನು ತಾವೇ ಹುಡುಕಿಕೊಂಡಿರಬೇಕು. ಕಾಂಪೌಂಡಿನೊಳಗಿನ ನಾಯಿಗೆ ಆ ದಾರಿಯಿಲ್ಲ. ಇನ್ನು, ಹುಟ್ಟಿದ ಆರು ಮರಿಗಳಲ್ಲಿ ಬದುಕಿ ಹನ್ನೆರಡು ವರ್ಷ ತಲುಪಿದ ಒಂದನ್ನೇ ನಾವು ನೆನಪಿಟ್ಟುಕೊಳ್ಳುತ್ತೇವೆ ಎಂಬುದೂ ಇದೆ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಬಾಗಲಕೋಟೆಯವರ ಮಾತನ್ನು ಓದಿ ಹೇಳಿದಾಗ ಅತ್ತೆಯವರು ತುಸು ಯೋಚಿಸಿ, ‘ಹೌದು, ಕೆಂಚ ಹೆಗ್ಗಣ ಹಿಡಿಯುತ್ತಿದ್ದ’ ಎಂದು ಒಪ್ಪಿಕೊಂಡರು. ಬೆಕ್ಕುಗಳಿಗೆ ಇಂದಿನಿಂದಲೇ ಹಳೆಯ ಆಹಾರವನ್ನು ಸ್ವಲ್ಪಸ್ವಲ್ಪ ಬೆರೆಸುತ್ತಿದ್ದೇವೆ. ಇನ್ನು ಉಳಿದದ್ದು ತಿನಿಸಿನ ಪ್ರಶ್ನೆ. ಬೆಲ್ಲ, ಒಣದ್ರಾಕ್ಷಿ ಹಾಕಿ ರಾಗಿ ಬಿಸ್ಕತ್ತು ಮಾಡಬಹುದೇ? ಸಾರಿನಲ್ಲಿರುವ ಈರುಳ್ಳಿ ಚೆನ್ನಾಗಿ ಬೆಂದಿದ್ದರೆ ತೊಂದರೆಯಿಲ್ಲವೇ?

ಉತ್ತರ 1ರವರಿಂದ ಮತ್ತೆ

ರಾಗಿ ಬಿಸ್ಕತ್ತು ಧಾರಾಳವಾಗಿ ಮಾಡಿ, ಒಣದ್ರಾಕ್ಷಿಯನ್ನು ಮಾತ್ರ ಒಂದೂ ಹಾಕಬೇಡಿ. ದ್ರಾಕ್ಷಿ ಹಸಿಯಿರಲಿ ಒಣಗಿರಲಿ, ಕೆಲವು ನಾಯಿಗಳಲ್ಲಿ ಸ್ವಲ್ಪ ಪ್ರಮಾಣವೇ ಮೂತ್ರಪಿಂಡವನ್ನು ಕೆಡಿಸುತ್ತದೆ, ಯಾವ ನಾಯಿಗೆ ಎಷ್ಟು ಎಂದು ಮೊದಲೇ ಹೇಳಲಾಗದು. ಹಬ್ಬದ ದಿನ ಪಾಯಸ, ಕೇಸರಿಬಾತು ನೆಲಕ್ಕೆ ಚೆಲ್ಲಿದಾಗ ಇದನ್ನು ನೆನಪಿಡಿ. ಬೆಲ್ಲದ ಅಗತ್ಯವಿಲ್ಲ. ಬೆಕ್ಕಿಗಂತೂ ಸಿಹಿಯ ರುಚಿಯೇ ತಿಳಿಯದು.

ಈರುಳ್ಳಿ, ಬೆಳ್ಳುಳ್ಳಿಗಳನ್ನು ಎಷ್ಟು ಬೇಯಿಸಿದರೂ ಅವುಗಳ ವಿಷ ಹೋಗುವುದಿಲ್ಲ. ಕೆಂಪು ರಕ್ತಕಣಗಳು ಒಡೆದು ರಕ್ತಹೀನತೆ ಬರುತ್ತದೆ. ಬೆಕ್ಕಿಗೆ ಕಿಲೋ ತೂಕಕ್ಕೆ 5 ಗ್ರಾಂ ಈರುಳ್ಳಿಯೇ ಸಾಕು, ಎಂದರೆ ನಿಮ್ಮ ಬೆಕ್ಕಿಗೆ 20 ಗ್ರಾಂನ ಒಂದು ತುಂಡು. ನಾಯಿ ಇನ್ನೂ ಸ್ವಲ್ಪ ತಾಳಿಕೊಳ್ಳುತ್ತದೆ, ಆದರೆ ದಿನವೂ ಸಾರು ಕಲಸಿ ಹಾಕುವ ಮನೆಗಳಲ್ಲಿ ಅದು ಒಟ್ಟುಗೂಡುತ್ತ ಹೋಗುತ್ತದೆ. ಅವುಗಳ ಪಾಲನ್ನು ಒಗ್ಗರಣೆಗೆ ಮೊದಲೇ ತೆಗೆದಿಟ್ಟುಬಿಡಿ.

ಬಿಸ್ಕತ್ತಿಗೆ 120 ಗ್ರಾಂ ರಾಗಿಹಿಟ್ಟು, ಒಂದು ಮೊಟ್ಟೆ, ಬೇಯಿಸಿ ಹಿಸುಕಿದ ಸಿಹಿಗುಂಬಳ ಅರ್ಧ ಬಟ್ಟಲು, ಎರಡು ಟೀ ಚಮಚ ಎಣ್ಣೆ. ಗಟ್ಟಿಯಾಗಿ ಕಲಸಿ, ತೆಳ್ಳಗೆ ತಟ್ಟಿ, 50 ಚೂರು ಮಾಡಿ, 160 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಓವನ್ ಇಲ್ಲದಿದ್ದರೆ ದಪ್ಪ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಮುಚ್ಚಿ ಎರಡೂ ಕಡೆ ಬೇಯಿಸಬಹುದು. ಒಂದು ಚೂರಿಗೆ ಸುಮಾರು 11 ಕಿಲೋಕ್ಯಾಲೊರಿ ಬರುತ್ತದೆ. ತಿನಿಸು ದಿನದ ಶಕ್ತಿಯ ಹತ್ತನೆಯ ಒಂದು ಭಾಗವನ್ನು ಮೀರಬಾರದಾದ್ದರಿಂದ ನಿಮ್ಮ ನಾಯಿಗೆ ಏಳು ಚೂರು ಮಿತಿ. ನಾನು ಕೊಟ್ಟ ಅಳತೆಯ ಊಟದಲ್ಲಿ ಇವಕ್ಕೆ ಜಾಗ ಬಿಟ್ಟೇ ಲೆಕ್ಕ ಹಾಕಿದ್ದೇನೆ. ಬೆಕ್ಕುಗಳಿಗೆ ಬಿಸ್ಕತ್ತಿನ ಬದಲು ಉಪ್ಪಿಲ್ಲದೆ ಬೇಯಿಸಿದ ಕೋಳಿ ಮಾಂಸದ ಎಳೆಗಳನ್ನು ತಲಾ 15 ಗ್ರಾಂ ಕೊಡಿ. ಕುಂಬಳದ ತೇವ ಒಳಗೆ ಉಳಿಯುವುದರಿಂದ ನಿಮ್ಮ ಮಲೆನಾಡಿನ ಮಳೆಗಾಲದಲ್ಲಿ ಬಿಸ್ಕತ್ತನ್ನು ಡಬ್ಬಿಯಲ್ಲಿ ಹೊರಗಿಟ್ಟರೆ ಮೂರೇ ದಿನಕ್ಕೆ ಬೂಷ್ಟು ಹಿಡಿದೀತು. ವಾರಕ್ಕಾಗುವಷ್ಟನ್ನು ಫ್ರಿಜ್ಜಿನಲ್ಲಿಡಿ, ಬೂಷ್ಟು ಬಂದದ್ದನ್ನು ಕೆರೆದು ಕೊಡದೆ ಪೂರ್ತಿ ಎಸೆಯಿರಿ.