ಸಹಾಯ ಬೇಕು: ಬೋರ್‌ವೆಲ್ ನೀರಲ್ಲಿ ಟೀ ಮಂಕು, ಆರ್‌ಒ ನೀರಲ್ಲಿ ವಿಪರೀತ ಒಗರು

ಹಾಲು, ಸಕ್ಕರೆ ಇಲ್ಲದೆ ಮೂರು ಟೀ ಪಕ್ಕಪಕ್ಕ ಇಟ್ಟು ರುಚಿ ನೋಡೋದಿದೆ: ಅಸ್ಸಾಂ ಸೆಕೆಂಡ್ ಫ್ಲಶ್ (ವರ್ಷದ ಎರಡನೇ ಕೊಯ್ಲು), ಡಾರ್ಜಿಲಿಂಗ್ ಫಸ್ಟ್ ಫ್ಲಶ್ (ಮೊದಲ ಕೊಯ್ಲು), ನೀಲಗಿರಿ. ಮೂರೂ ಆರ್ಥೊಡಾಕ್ಸ್ (ಸುರುಳಿ ಸುತ್ತಿದ) ಎಲೆ, ಸಿಟಿಸಿ (ಕಾಳುಕಾಳಾದ ಪುಡಿ) ಅಲ್ಲ. ಅಳತೆ ಐಎಸ್‌ಒ 3103 (ರುಚಿ ನೋಡೋಕೆ ಟೀ ಮಾಡೋ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ: 100 ಮಿಲಿಗೆ 2 ಗ್ರಾಂ, ಕುದಿಯೋ ನೀರು, ಮುಚ್ಚಿ 6 ನಿಮಿಷ.

ತೊಂದರೆ ನೀರಿನದ್ದು. ಬೋರ್‌ವೆಲ್ ನೀರಿನ ಟಿಡಿಎಸ್ (ಕರಗಿದ ಒಟ್ಟು ಲವಣ, ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ) 600ರ ಹತ್ತಿರ. ಅದರಲ್ಲಿ ಅಸ್ಸಾಂ ಕೆಂಪಗಾಗೋ ಬದಲು ಕಪ್ಪಗೆ ಮಂಕಾಗತ್ತೆ, ಮೇಲೆ ಕಂದು ಪೊರೆ ಕಟ್ಟತ್ತೆ. ಅದು ಎಣ್ಣೆಯಲ್ಲ, ಕ್ಯಾಲ್ಸಿಯಂ, ಬೈಕಾರ್ಬನೇಟ್ ಇರೋ ನೀರಲ್ಲಿ ಟೀಯ ಪಾಲಿಫಿನಾಲ್ (ಒಗರು ಕೊಡೋ ಅಂಶ) ಗಾಳಿ ತಾಗಿ ಆಗೋದು. ನಿಂಬೆರಸ ಹಿಂಡಿದ್ರೆ ಹೋಗತ್ತೆ, ಆದ್ರೆ ಆಮೇಲೆ ನಿಂಬೆ ರುಚಿನೇ ನೋಡಬೇಕು!

ಆರ್‌ಒ ನೀರಲ್ಲಿ (ಟಿಡಿಎಸ್ 30) ಬಣ್ಣ ತಿಳಿಯಾಗಿ ಹೊಳೆಯತ್ತೆ, ಪೊರೆ ಇಲ್ಲ. ಆದ್ರೆ ಡಾರ್ಜಿಲಿಂಗ್ ನಾಲಿಗೆ ಹಿಡಿಯೋಷ್ಟು ಒಗರು. ನೀಲಗಿರಿ ಮಾತ್ರ ಎರಡರಲ್ಲೂ ಪರವಾಗಿಲ್ಲ.

ಮಾಡಿ ನೋಡಿದ್ದು: ಬೋರ್ ನೀರು 10 ನಿಮಿಷ ಕುದಿಸಿ, ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿ ಬಸಿದು ಬಳಸಿದ್ದು. ಪೊರೆ ಅರ್ಧ ಆಯ್ತು, ಮಂಕು ಹೋಗ್ಲಿಲ್ಲ. ಎರಡೂ ನೀರು ಸಮ ಬೆರೆಸಿದ್ರೂ ಪೊರೆ ಉಳೀತು. ಡಾರ್ಜಿಲಿಂಗ್ ಒಂದನ್ನೇ 90 ಡಿಗ್ರಿಯಲ್ಲಿ 3 ನಿಮಿಷ ಇಟ್ರೆ ಚೆನ್ನಾಗಿದೆ, ಆದ್ರೆ ಆಗ ಹೋಲಿಕೆಗೆ ಅರ್ಥ ಇಲ್ಲ.

ಟಿಡಿಎಸ್ ಮೀಟರ್ ಒಟ್ಟು ಲವಣ ಮಾತ್ರ ತೋರ್ಸತ್ತೆ, ಗಡಸುತನ ಎಷ್ಟು ಅಂತ ಅಲ್ಲ. ಗೊಂದಲ ಇಲ್ಲೇ. ಮೂರಕ್ಕೂ ಒಂದೇ ನೀರು ಇಡೋದಾದ್ರೆ ಆರ್‌ಒಗೆ ಬೋರ್ ನೀರು ಎಷ್ಟು ಪಾಲು ಬೆರೆಸಬೇಕು, 1:4ಆ, 1:9ಆ? ಅಳೆಯಬೇಕಾದ್ದು ಟಿಡಿಎಸ್ಸಾ, ಬೈಕಾರ್ಬನೇಟಾ? ಮಾಡಿ ನೋಡಿದವರು ಅಳತೆ ಸಮೇತ ಹೇಳಿ.