ಸಹಾಯ ಬೇಕು: ಚಿನ್ನದ ರೇಕು ಹಾಕಿದ ಚಿತ್ರದ ಫೋಟೊ ಸರಿ ಬರ್ತಿಲ್ಲ (ತುಮಕೂರು)

ಎಲ್ಲರಿಗೂ ನಮಸ್ಕಾರ. ಮೈಸೂರು ಶೈಲಿಯ ಚಿತ್ರ, 18x24 ಇಂಚು, ಗೆಸ್ಸೊ (ಪುಡಿಗೆ ಅಂಟು ಬೆರೆಸಿದ ಲೇಪ) ಉಬ್ಬಿನ ಮೇಲೆ ಚಿನ್ನದ ರೇಕು. ಪ್ರದರ್ಶನದ ಆಯ್ಕೆ ಸಮಿತಿಯವರು ಮೊದಲು ಫೋಟೊ ನೋಡಿಯೇ ಆರಿಸುತ್ತಾರೆ. ಉದ್ದದ ಬದಿ 3000 ಪಿಕ್ಸೆಲ್, ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣದ ಮಾನಕ), ಜೆಪೆಗ್ ಕೇಳಿದ್ದಾರೆ.

ಗಾಜು, ಫ್ರೇಮ್ ತೆಗೆದಿದ್ದೇನೆ. ಟ್ರೈಪಾಡ್, 50 ಎಂಎಂ ಲೆನ್ಸ್, ಎಫ್/8, ಐಎಸ್ಒ 100. ಚಿತ್ರ ನಿಲ್ಲಿಸುವ ಹಲಗೆಗೆ ಪುಟ್ಟ ಕನ್ನಡಿ ಒತ್ತಿಟ್ಟು, ಅದರ ನಡುವೆ ಲೆನ್ಸ್ ಕಾಣುವ ಹಾಗೆ ಕ್ಯಾಮೆರಾ ಹೊಂದಿಸಿದ್ದರಿಂದ ಅಂಚು ಸೊಟ್ಟಗಿಲ್ಲ. ಗ್ರೇ ಕಾರ್ಡ್ ಇಟ್ಟು ಬಣ್ಣವೂ ಸರಿಹೋಯಿತು.

ತೊಡಕಿರುವುದು ಬೆಳಕಿನಲ್ಲಿ. ಎರಡೂ ಬದಿ 45 ಡಿಗ್ರಿಗೆ ಎಲ್‌ಇಡಿ ಇಟ್ಟರೆ ಕಿರೀಟದ ಉಬ್ಬಿನ ತುದಿಗಳು ಬೆಳ್ಳಗೆ ಸುಟ್ಟ ಹಾಗೆ ಬರುತ್ತವೆ, ಕೆತ್ತನೆಯ ಗೆರೆ ಮಾಯ. ದೀಪಕ್ಕೂ ಲೆನ್ಸಿಗೂ ಪೋಲರೈಸರ್ (ಹೊಳಪು ತಗ್ಗಿಸುವ ಫಿಲ್ಟರ್) ಹಾಕಿ ಒಂದಕ್ಕೊಂದು ಪೂರ್ತಿ ಅಡ್ಡ ತಿರುಗಿಸಿದರೆ ಚಿನ್ನವೇ ಕಪ್ಪಾಗುತ್ತದೆ. ಲೋಹದಿಂದ ಬರುವ ಹೊಳಪನ್ನೆಲ್ಲ ಫಿಲ್ಟರ್ ತಡೆದುಬಿಡುತ್ತದಲ್ಲ, ಅದಕ್ಕೆ.

ರೇಕಿನ ಕೆಲಸದ ಫೋಟೊ ತೆಗೆದು ಅನುಭವ ಇರುವವರು ಹೇಳಿ: ಪೋಲರೈಸರನ್ನು ಅರ್ಧಕ್ಕೆ ನಿಲ್ಲಿಸುತ್ತೀರಾ, ಇಲ್ಲಾ ದೀಪದ ಬೆಳಕನ್ನು ದೊಡ್ಡ ಥರ್ಮೋಕೋಲ್ ಹಲಗೆಯ ಮೇಲೆ ಬೀಳಿಸಿ ಮೆತ್ತಗೆ ಮಾಡುತ್ತೀರಾ? ಹಲಗೆ ಚಿತ್ರದಿಂದ ಎಷ್ಟು ಅಡಿ ದೂರ? ಫೋಟೊಶಾಪ್‌ನಲ್ಲಿ ಚಿನ್ನ ತುಂಬುವ ಸಲಹೆ ದಯವಿಟ್ಟು ಬೇಡ, ಅದು ಚಿತ್ರಕ್ಕೆ ಮಾಡುವ ಮೋಸ.

ತುಮಕೂರು, ಗುಬ್ಬಿ, ತಿಪಟೂರು ಕಡೆ ದೊಡ್ಡ ಸಾಫ್ಟ್‌ಬಾಕ್ಸ್ (ಬೆಳಕು ಮೆತ್ತಗೆ ಮಾಡುವ ಬಟ್ಟೆಯ ಪೆಟ್ಟಿಗೆ) ಒಂದು ದಿನಕ್ಕೆ ಬಾಡಿಗೆಗೆ ಕೊಡುವವರಿದ್ದರೂ ತಿಳಿಸಿ.