ಸಹಾಯ ಬೇಕು: ಮೂವತ್ತೈದನ್ನು 305 ಅಂತ ಬರೆಯುವ ಮಕ್ಕಳು

ಎಲ್ಲರಿಗೂ ನಮಸ್ಕಾರ. ನನ್ನದು ಸರ್ಕಾರಿ ಶಾಲೆಯ ನಲಿ-ಕಲಿ ತರಗತಿ, ಅಂದರೆ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂತು ಚಟುವಟಿಕೆಗಳ ಮೂಲಕ ಕಲಿಯುವ ತರಗತಿ. ಎರಡನೇ ತರಗತಿಯ ನಾಲ್ಕೈದು ಮಕ್ಕಳ ವಿಷಯದಲ್ಲಿ ತಲೆ ಕೆಟ್ಟುಹೋಗಿದೆ.

ಬಾಯಲ್ಲಿ ನೂರರವರೆಗೆ ಪಟಪಟ ಹೇಳುತ್ತಾರೆ. ಆದರೆ ‘ಮೂವತ್ತೈದು ಬರಿ’ ಅಂದರೆ ಸ್ಲೇಟಿನ ಮೇಲೆ 305. ಅವರ ತಪ್ಪೂ ಅಲ್ಲ ಬಿಡಿ. ಮೂವತ್ತು ಬರೆದು ಪಕ್ಕದಲ್ಲಿ ಐದು ಇಡುತ್ತಾರೆ, ಕಿವಿಗೆ ಕೇಳಿಸುವುದೇ ಹಾಗೆ ಅಲ್ವಾ!

ಹುಣಸೆ ಬೀಜ, ಮಣಿಸರ ಎಲ್ಲಾ ಆಯ್ತು. ಪೊರಕೆ ಕಡ್ಡಿಗಳನ್ನು ಹತ್ತತ್ತು ಸೇರಿಸಿ ರಬ್ಬರ್ ಬ್ಯಾಂಡ್ ಹಾಕಿಸಿದೆ. ನಿನ್ನೆ ಒಬ್ಬಳಿಗೆ ಮೂರು ಕಟ್ಟು, ಐದು ಬಿಡಿ ಕಡ್ಡಿ ಕೊಟ್ಟು ಎಷ್ಟು ಅಂತ ಕೇಳಿದೆ. ಅವಳೇ ಕಟ್ಟಿದ ಕಟ್ಟುಗಳು! ಆದರೂ ಒಂದೊಂದೇ ಬಿಚ್ಚಿ, ಒಂದರಿಂದ ಎಣಿಸಿ ಮೂವತ್ತೈದು ಅಂದಳು. ಬಿಚ್ಚದೆ ಹೇಳು ಅಂದರೆ ‘ಎಂಟು’ ಅನ್ನುತ್ತಾಳೆ.

ನನ್ನ ಗೊಂದಲ ಇಲ್ಲೇ. ಒಂದು ಕಟ್ಟು ಅಂದರೆ ಹತ್ತು ಅನ್ನೋದು ಮನಸ್ಸಲ್ಲಿ ಕೂರುವ ತನಕ ಕಡ್ಡಿಯಲ್ಲೇ ಇರಬೇಕಾ? ಅಥವಾ 30ರ ಕಾರ್ಡಿನ ಸೊನ್ನೆ ಮೇಲೆ 5ರ ಕಾರ್ಡ್ ಇಟ್ಟು ತೋರಿಸಿ ಈಗಲೇ ಬರವಣಿಗೆ ತಿದ್ದಲಾ? ಸಣ್ಣ ತರಗತಿಗೆ ಕಲಿಸುವವರು ದಯವಿಟ್ಟು ಹೇಳಿ, ನೀವು ಯಾವುದನ್ನು ಮೊದಲು ಮಾಡಿದಿರಿ, ಎಷ್ಟು ದಿನ ಹಿಡಿಯಿತು?